ಮೂರು ಭಾಷೆ, ದಿನಕ್ಕೆ 40 ನಿಮಿಷ

ಕೆಲಸ, ಮನೆ ನೋಡಿಕೊಳ್ಳುತ್ತಾ ಎರಡು-ಮೂರು ಪರಭಾಷೆ ಕಲಿಯಲು ಹೊತ್ತು ಎಲ್ಲಿದೆ ಅಂತ ಮೊದಲು ಒಂದು ಲೆಕ್ಕ ಹಾಕಿಬಿಡೋಣ. ಪೆನ್ನು ಇರುವವರು ಬರೆದುಕೊಳ್ಳಿ. ವಾರಕ್ಕೆ 168 ಗಂಟೆ. ನಿದ್ದೆಗೆ 50 ತೆಗೆಯಿರಿ. ಕೆಲಸ, ಹೋಗಿಬರುವುದು ಸೇರಿ 55. ಅಡುಗೆ, ಊಟ, ಸ್ನಾನ, ಮಕ್ಕಳ ಓದು, ಮನೆಯ ಹಿರಿಯರು ಅಂತ ಇನ್ನೊಂದು 43. ಉಳಿದದ್ದು 20. ಓಹೋ, 20 ಗಂಟೆ ಇದೆಯಲ್ಲ ಅಂತ ಖುಷಿಪಡಬೇಡಿ. ಆ 20 ಗಂಟೆ ಎಲ್ಲೂ ಒಟ್ಟಿಗೆ ಗುಡ್ಡೆ ಬಿದ್ದಿರುವುದಿಲ್ಲ. ಹತ್ತು ನಿಮಿಷ ಇಲ್ಲಿ, ಕಾಲು ಗಂಟೆ ಅಲ್ಲಿ. ಅದರಲ್ಲೂ ಅರ್ಧ ಹೊತ್ತು ತಲೆ ಓಡುವ ಸ್ಥಿತಿಯಲ್ಲಿರುವುದಿಲ್ಲ. ವರ್ಷವಿಡೀ ತಪ್ಪದೆ ನಡೆಸಬಲ್ಲದ್ದು ಅಂತ ಲೆಕ್ಕ ಹಿಡಿದರೆ ದಿನಕ್ಕೆ 40 ನಿಮಿಷ, ವಾರಕ್ಕೆ ಆರು ದಿನ. ಅಂದರೆ ವಾರಕ್ಕೆ 4 ಗಂಟೆ, ವರ್ಷಕ್ಕೆ ಸುಮಾರು 200.

ಈಗ ಆ ಕಡೆಯ ಲೆಕ್ಕ. ಅಮೆರಿಕದಲ್ಲಿ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಅಂತ ಒಂದು ಸರ್ಕಾರಿ ಸಂಸ್ಥೆ ಇದೆ. ಯಾವ ಭಾಷೆಗೆ ಎಷ್ಟು ತರಗತಿ ಬೇಕಾಗುತ್ತದೆ ಅಂತ ಅವರು ತಮ್ಮ ಅನುಭವದಿಂದ ಹೇಳುತ್ತಾರೆ. ಸ್ಪ್ಯಾನಿಷ್, ಇಟಾಲಿಯನ್‌ಗೆ 600ರಿಂದ 750 ಗಂಟೆ. ಜರ್ಮನ್‌ಗೆ 900ರ ಆಸುಪಾಸು. ರಷ್ಯನ್, ಟರ್ಕಿಷ್‌ಗೆ 1100. ಜಪಾನಿ, ಚೀನಿ, ಕೊರಿಯನ್, ಅರಬ್ಬಿಗೆ 2200. ಇದು ಇಂಗ್ಲಿಷ್ ಮಾತೃಭಾಷೆಯವರ ಲೆಕ್ಕ. ಆ ರಾಜತಾಂತ್ರಿಕರಿಗೆ ಅದೇ ಉದ್ಯೋಗ, ಸಂಬಳ ಬರುವುದೇ ಕಲಿಯುವುದಕ್ಕೆ. ಮನೆಗೆ ಹೋಗಿ ಓದುವ ಹೊತ್ತು ಇದರಲ್ಲಿ ಸೇರಿಲ್ಲ. ಗುರಿಯೂ ದೊಡ್ಡದು, ಆ ಭಾಷೆಯಲ್ಲಿ ಕಚೇರಿ ಕೆಲಸ ಮಾಡುವಷ್ಟು.

ಸ್ಪ್ಯಾನಿಷ್, ಜರ್ಮನ್, ಜಪಾನಿ ಮೂರೂ ಬೇಕು ಅನ್ನುವವರು ಕೂಡಿಸಿ ನೋಡಿ. ಸುಮಾರು 3800 ಗಂಟೆ ಆಗುತ್ತದೆ. ವರ್ಷಕ್ಕೆ 200ರಂತೆ 19 ವರ್ಷ. ಹೆದರಿಸಲು ಹೇಳುತ್ತಿಲ್ಲ. ನಿಮ್ಮ ಗುರಿ ಕಚೇರಿ ಕೆಲಸವಲ್ಲದೆ ಮಾತುಕತೆ, ಸುದ್ದಿ ಓದುವುದು ಆಗಿದ್ದರೆ ಇದರ ಅರ್ಧಕ್ಕೂ ಕಡಿಮೆ ಸಾಕು. ಆದರೆ ಒಂದು ಮಾತು ಈ ಲೆಕ್ಕದಿಂದ ಗೊತ್ತಾಗುತ್ತದೆ. 200 ಗಂಟೆಯನ್ನು ಮೂರು ಭಾಷೆಗೂ ಸಮಪಾಲು ಮಾಡಿದರೆ ಒಂದೊಂದಕ್ಕೆ 67 ಗಂಟೆ. ಯುರೋಪಿನ ಭಾಷೆಗಳಲ್ಲಿ ಎ1 ಅನ್ನುವ ತೀರಾ ಮೊದಲ ಮಟ್ಟ ದಾಟಲಿಕ್ಕೇ ಸಾಮಾನ್ಯವಾಗಿ 80ರಿಂದ 100 ಗಂಟೆ ಹಿಡಿಯುತ್ತದೆ. ಅಂದರೆ ಒಂದು ವರ್ಷ ಬೆವರು ಸುರಿಸಿದ ಮೇಲೂ ನೀವು ಮೂರು ಭಾಷೆಯಲ್ಲೂ "ನನ್ನ ಹೆಸರು ಇಂಥದ್ದು, ನನಗೆ ಇಬ್ಬರು ಮಕ್ಕಳು" ಅನ್ನುವಲ್ಲೇ ಇರುತ್ತೀರಿ. ಬಹುತೇಕ ಜನ ಕೈಬಿಡುವುದು ಇಲ್ಲೇ. ಸೋಮಾರಿತನ ಅಂತ ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ. ತಪ್ಪು ಇದ್ದದ್ದು ಭಾಗಾಕಾರದಲ್ಲಿ.

ಆದ್ದರಿಂದ ಸಮಪಾಲು ಬೇಡ. ಒಂದು ಹೊತ್ತಿಗೆ ಒಂದೇ ಭಾಷೆ ಬೆಳೆಯಲಿ. ಅದಕ್ಕೆ ಮುಕ್ಕಾಲು ಪಾಲು ಸಮಯ. ಈಗಾಗಲೇ ಒಂದು ಹಂತಕ್ಕೆ ಬಂದಿರುವ ಇನ್ನೊಂದು ಭಾಷೆ ಇದ್ದರೆ ಉಳಿದ ಕಾಲು ಪಾಲು ಅದನ್ನು ಉಳಿಸಿಕೊಳ್ಳಲಿಕ್ಕೆ. ಮೂರನೆಯದು ಸರದಿಯಲ್ಲಿ ಕಾಯಲಿ. ಕಾಯುವುದು ಅಂದರೆ ನಿಜವಾಗಿ ಕಾಯುವುದು. ಅದರ ಆಪ್ ಫೋನಿನಲ್ಲಿ ಇರಕೂಡದು, ದಿನಾ ಐದು ನಿಮಿಷ ಅಂತಲೂ ಬೇಡ. ಆ ಐದು ನಿಮಿಷ ಯಾವ ಭಾಷೆಯನ್ನೂ ಬೆಳೆಸುವುದಿಲ್ಲ, ಬೆಳೆಯುತ್ತಿರುವ ಭಾಷೆಯ ಪಾಲನ್ನು ಮಾತ್ರ ತಿನ್ನುತ್ತದೆ.

ಬೆಳೆಸುವುದಕ್ಕೂ ಉಳಿಸುವುದಕ್ಕೂ ಯಾಕಿಷ್ಟು ವ್ಯತ್ಯಾಸ? ಸಸಿಗೆ ದಿನಾ ನೀರು ಬೇಕು, ಬೇರು ಬಿಟ್ಟ ಮರಕ್ಕೆ ಬೇಡ. ಅಷ್ಟೇ. ಬಿ1 ಅಂತ ಕರೆಯುವ ಮಧ್ಯಮ ಮಟ್ಟ ಮುಟ್ಟಿದ ಭಾಷೆಯಲ್ಲಿ ನೀವು ಏನನ್ನಾದರೂ ಓದಿದರೆ, ಕೇಳಿದರೆ, ಆ ಓದೇ ಹಳೆಯ ಪದಗಳ ಪುನರಾವರ್ತನೆ ಆಗುತ್ತದೆ. ವಾರಕ್ಕೆ ಮುಕ್ಕಾಲು ಗಂಟೆ ಗಮನವಿಟ್ಟು, ಮೇಲೆ ಒಂದಷ್ಟು ಕಿವಿಗೆ ಬಿದ್ದರೆ ಅದು ನಿಲ್ಲುತ್ತದೆ. ಎ1 ಮಟ್ಟದಲ್ಲಿ ಓದಲಿಕ್ಕೆ ಏನೂ ಇಲ್ಲ, ಎಲ್ಲವನ್ನೂ ಕೈಯಾರೆ ಪುನರಾವರ್ತಿಸಬೇಕು. ಹಾಗಾಗಿ ಭಾಷೆ ಬದಲಿಸುವ ಸಮಯ ಯಾವಾಗ ಅಂದರೆ, ಈಗಿನದು ಬಿ1 ಮುಟ್ಟಿದಾಗ. ಪರೀಕ್ಷೆ ಬರೆಯದೆಯೂ ತಿಳಿಯಬಹುದು. ದೊಡ್ಡವರಿಗೆ ಬರೆದ ಸರಳ ಗದ್ಯದ ಒಂದು ಪುಟದಲ್ಲಿ ಐದಾರಕ್ಕಿಂತ ಹೆಚ್ಚು ಸಲ ನಿಘಂಟು ನೋಡಬೇಕಾಗಬಾರದು. ಬೇರೆ ಭಾಷೆಗೆ ಜಾರದೆ ಹತ್ತು ನಿಮಿಷ ಮಾತಾಡಲು ಆಗಬೇಕು, ತಪ್ಪು ಎಷ್ಟೇ ಇರಲಿ. ಎ1, ಬಿ1 ನಡುವಿನ ಎ2ನಲ್ಲಿ ಬೇಸರ ಬಂದು ಬದಲಿಸುವವರೇ ಜಾಸ್ತಿ. ಹಾಗೆ ಬಿಟ್ಟ ಭಾಷೆಯನ್ನು ಆರು ತಿಂಗಳು ಬಿಟ್ಟು ನೋಡಿದರೆ ಲಿಪಿ ಮತ್ತು ನಾಲ್ಕು ವಾಕ್ಯ ಉಳಿದಿರುತ್ತವೆ.

ಈ ಮಾತಿಗೆ ಹಳೆಯದೊಂದು ಉದಾಹರಣೆ ಹೇಳಿ ಮುಂದೆ ಹೋಗುತ್ತೇನೆ. ಟ್ರಾಯ್ ನಗರವನ್ನು ಹುಡುಕಿ ಅಗೆದ ಹೈನ್‌ರಿಖ್ ಶ್ಲೀಮನ್, 1822ರಲ್ಲಿ ಹುಟ್ಟಿದವನು, ಇಪ್ಪತ್ತರ ಹರೆಯದಲ್ಲಿ ಆಮ್‌ಸ್ಟರ್‌ಡ್ಯಾಮಿನ ವ್ಯಾಪಾರಿ ಕಚೇರಿಯೊಂದರಲ್ಲಿ ಸಣ್ಣ ಕೆಲಸಕ್ಕಿದ್ದ. ಅಂಚೆ ಕಚೇರಿಗೆ ಓಡಾಡುವುದೂ ಅವನ ಪಾಲಿಗಿತ್ತು. ಮಳೆಯಲ್ಲೂ ಪುಸ್ತಕ ಕೈಯಲ್ಲಿ, ಸಾಲಿನಲ್ಲಿ ನಿಂತಾಗ ಬಾಯಿಪಾಠ. ಆರು ತಿಂಗಳು ಇಂಗ್ಲಿಷ್, ಅದಾದ ಮೇಲೆ ಆರು ತಿಂಗಳು ಫ್ರೆಂಚ್, ಒಂದರ ಬೆನ್ನಿಗೆ ಒಂದು. ಗಟ್ಟಿಯಾಗಿ ಓದುವುದು, ದಿನಾ ಸ್ವಲ್ಪ ಬರೆಯುವುದು, ಮೇಷ್ಟರಿಂದ ತಿದ್ದಿಸುವುದು, ತಿದ್ದಿದ್ದನ್ನು ಮಾರನೆಯ ದಿನ ಬಾಯಿಪಾಠ ಒಪ್ಪಿಸುವುದು, ಇದು ಅವನ ಕ್ರಮ. ರಷ್ಯನ್‌ಗೆ ಮೇಷ್ಟರು ಸಿಗಲಿಲ್ಲ. ಒಂದು ಪದವೂ ಅರ್ಥವಾಗದ ಒಬ್ಬ ಬಡವನಿಗೆ ವಾರಕ್ಕಿಷ್ಟು ಅಂತ ಹಣ ಕೊಟ್ಟು ಸಂಜೆ ಎರಡು ಗಂಟೆ ಎದುರಿಗೆ ಕೂರಿಸಿಕೊಂಡು ಒಪ್ಪಿಸಿದನಂತೆ. ಗದ್ದಲ ತಾಳದೆ ಅಕ್ಕಪಕ್ಕದ ಬಾಡಿಗೆದಾರರು ದೂರು ಕೊಟ್ಟು, ರಷ್ಯನ್ ಮುಗಿಯುವುದರೊಳಗೆ ಅವನು ಎರಡು ಸಲ ಮನೆ ಬದಲಿಸಬೇಕಾಯಿತು. ಇದೆಲ್ಲ ಅವನೇ ತನ್ನ ಬಗ್ಗೆ ಬರೆದುಕೊಂಡದ್ದು, ಬಡಾಯಿಯ ಪಾಲು ಕಳೆದು ಕೇಳಬೇಕು. ಕಳೆದ ಮೇಲೂ ಕ್ರಮ ಗಟ್ಟಿಯಾಗಿಯೇ ಇದೆ.

ಯಾವ ಭಾಷೆ ಮೊದಲು, ಯಾವುದು ಆಮೇಲೆ? ಇಲ್ಲಿ ಇಂಗ್ಲಿಷ್‌ನವರ ಲೆಕ್ಕ ನಮಗೆ ಪೂರ್ತಿ ಹೊಂದುವುದಿಲ್ಲ. ಕನ್ನಡ ಬಲ್ಲವರಿಗೆ ಕೆಲವು ಸೌಕರ್ಯಗಳಿವೆ. ಟರ್ಕಿಷ್ ಪದವೊಂದನ್ನು ನೋಡಿ, "ಎವ್‌ಲೆರಿಮಿಜ್‌ದೆನ್". ಎವ್ ಅಂದರೆ ಮನೆ, ಲೆರ್ ಅಂದರೆ ಗಳು, ಇಮಿಜ್ ಅಂದರೆ ನಮ್ಮ, ದೆನ್ ಅಂದರೆ ಇಂದ. "ನಮ್ಮ ಮನೆಗಳಿಂದ." ಇಂಗ್ಲಿಷಿನವರು ಇದನ್ನು ನೋಡಿ ಕಂಗಾಲಾಗುತ್ತಾರೆ. ನಮಗೆ "ನಮ್ಮ" ಒಳಗೆ ಸೇರಿಕೊಂಡದ್ದೊಂದೇ ಹೊಸದು, ಉಳಿದದ್ದು ವಿಭಕ್ತಿ ಪ್ರತ್ಯಯ. ಜಪಾನಿಯಲ್ಲಿ "ವತಶಿ ವ ಮಿಜು ಒ ನೊಮು" ಅಂದರೆ ನಾನು ನೀರನ್ನು ಕುಡಿಯುತ್ತೇನೆ. ಕ್ರಿಯಾಪದ ಕೊನೆಗೆ, "ಒ" ಅನ್ನುವುದು ನಮ್ಮ "ಅನ್ನು". "ಒಬಸನ್" ಅಂದರೆ ಅತ್ತೆ-ಚಿಕ್ಕಮ್ಮ, "ಒಬಾಸನ್" ಅಂದರೆ ಅಜ್ಜಿ. "ಕಿತೆ" ಅಂದರೆ ಬಂದು, "ಕಿತ್ತೆ" ಅಂದರೆ ಅಂಚೆಚೀಟಿ. ದೀರ್ಘ ಮತ್ತು ಒತ್ತು ತಪ್ಪಿದರೆ ಅರ್ಥ ಕೆಡುವ ಭಾಷೆಯಲ್ಲೇ ಬೆಳೆದವರಿಗೆ ಇದನ್ನು ಬೇರೆ ಕಲಿಸಬೇಕಿಲ್ಲ. ಹಾಗಂತ ಜಪಾನಿ ಸುಲಭ ಅಂದುಕೊಳ್ಳಬೇಡಿ. ವ್ಯಾಕರಣದಲ್ಲಿ ಉಳಿಸಿದ್ದನ್ನು ಲಿಪಿ ಕಿತ್ತುಕೊಳ್ಳುತ್ತದೆ. ದಿನಬಳಕೆಗೆ ಅಂತ ಜಪಾನ್ ಸರ್ಕಾರ 2010ರಲ್ಲಿ ಗೊತ್ತುಮಾಡಿದ ಕಾಂಜಿ, ಅಂದರೆ ಚೀನಿ ಮೂಲದ ಅಕ್ಷರಗಳೇ 2136.

ಕಷ್ಟ ಬರುವುದು ನಮ್ಮ ಅಕ್ಷರಮಾಲೆಯಲ್ಲಿ ಮನೆಯಿಲ್ಲದ ಧ್ವನಿಗಳಿಂದ. ಫ್ರೆಂಚಿನಲ್ಲಿ "ಮೇಲುಗಡೆ" ಮತ್ತು "ಕೆಳಗಡೆ" ಎರಡನ್ನೂ ಕನ್ನಡದಲ್ಲಿ ಬರೆದರೆ ಎರಡೂ "ದಸು" ಆಗುತ್ತವೆ. ವ್ಯತ್ಯಾಸ ಕೊನೆಯ ಸ್ವರದಲ್ಲಿದೆ. ಒಂದರಲ್ಲಿ ನಾಲಗೆ "ಈ" ಅನ್ನುವ ಜಾಗದಲ್ಲಿ, ತುಟಿ "ಊ" ಅನ್ನುವ ಆಕಾರದಲ್ಲಿ ಇರಬೇಕು. ಕೊರಿಯನ್‌ನಲ್ಲಿ ಬೆಂಕಿ, ಕೊಂಬು, ಹುಲ್ಲು ಈ ಮೂರು ಪದಗಳಲ್ಲಿ ಮೊದಲ ವ್ಯಂಜನವಷ್ಟೇ ಬೇರೆ, ನಮ್ಮ ಪ-ಫ-ಬ ಯಾವುದೂ ಮೂರಕ್ಕೂ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಒಂದು ನಿಯಮ. ಹೊಸ ಭಾಷೆಯ ಪದಗಳನ್ನು ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಬೇಡಿ. ಮೊದಲ ವಾರ ಅನುಕೂಲ ಅನಿಸುತ್ತದೆ, ಮೂರನೇ ತಿಂಗಳಲ್ಲಿ ಕಿವಿಯೇ ಹಾಳಾಗಿರುತ್ತದೆ. ಈಗ ನಾನು ಹೇಳಿದ್ದು ಕನ್ನಡದಲ್ಲೇ ಅಚ್ಚಾಗುತ್ತದೆ, ಅದು ಬೇರೆ ಮಾತು. ಕಾಂಜಿಯಂಥದ್ದನ್ನು ಬಿಟ್ಟರೆ ಲಿಪಿಗೆ ಹೆದರಬೇಕಾಗಿಲ್ಲ. ಕೊರಿಯನ್ನರ ಹಂಗುಲ್‌ನಲ್ಲಿ ಮೂಲ ಅಕ್ಷರ 24, ರಷ್ಯನ್‌ನಲ್ಲಿ 33, ಜಪಾನಿಯಲ್ಲಿ ಉಚ್ಚಾರ ಹಿಡಿದು ಬರೆಯುವ ಹಿರಗಾನದಲ್ಲಿ 46. ವರ್ಣಮಾಲೆ ಮತ್ತು ಕಾಗುಣಿತ ತಿದ್ದಿದ ಕೈಗೆ ಇವು ಒಂದೆರಡು ವಾರದ ಕೆಲಸ. ದಿನಕ್ಕೆ ಐದು ಅಕ್ಷರ, ಕೈಯಲ್ಲೇ ಬರೆದು.

ಮೊದಲನೆಯದು, ಎರಡನೆಯದು ಆರಿಸುವಾಗ ಇನ್ನೊಂದು ಎಚ್ಚರ. ಅಕ್ಕತಂಗಿ ಭಾಷೆಗಳನ್ನು ಒಟ್ಟಿಗೆ ಶುರುಮಾಡಬೇಡಿ. "ಸಲೀರ್" ಅಂದರೆ ಸ್ಪ್ಯಾನಿಷಿನಲ್ಲಿ ಹೊರಗೆ ಹೋಗುವುದು, ಫ್ರೆಂಚಿನಲ್ಲಿ ಕೊಳೆ ಮಾಡುವುದು. ಇಟಾಲಿಯನ್‌ನ "ಸಲೀರೆ" ಮೇಲೆ ಹತ್ತುವುದು. "ಬುರ್ರೊ" ಇಟಾಲಿಯನ್‌ನಲ್ಲಿ ಬೆಣ್ಣೆ, ಸ್ಪ್ಯಾನಿಷಿನಲ್ಲಿ ಕತ್ತೆ. ಇಂಥವು ತಮಾಷೆಯ ಉದಾಹರಣೆಗಳು, ನೆನಪಿನಲ್ಲಿ ಉಳಿಯುತ್ತವೆ, ಅಪಾಯವಿಲ್ಲ. ನಿಜವಾಗಿ ಕಾಡುವುದು ಸಣ್ಣ ಪದಗಳು, "ಜೊತೆ", "ಆದರೆ", "ಇನ್ನೂ" ಅನ್ನುವಂಥವು. ಮಾತಿನ ವೇಗದಲ್ಲಿ ಹೊಸ ಭಾಷೆಯ ಪದ ಸಿಗದಿದ್ದಾಗ ನುಗ್ಗಿ ಬರುವುದು ಕನ್ನಡವಲ್ಲ, ಹಿಂದಿನ ಸಲ ಕಲಿತ ಪರಭಾಷೆ. ಮನಸ್ಸಿನಲ್ಲಿ "ಪರಭಾಷೆ" ಅಂತ ಒಂದೇ ಡಬ್ಬಿ ಇದ್ದು ಎಲ್ಲವನ್ನೂ ಅದರಲ್ಲೇ ಹಾಕಿಟ್ಟ ಹಾಗೆ. ಮೊದಲನೆಯದು ಬಿ1 ದಾಟಿ ಗಟ್ಟಿಯಾದ ಮೇಲೆ ತಂಗಿಯನ್ನು ಶುರುಮಾಡಿದರೆ ಇದೇ ಹೋಲಿಕೆ ಲಾಭವಾಗುತ್ತದೆ. ಆಗ ಇಟಾಲಿಯನ್ ಪಾಠವನ್ನು ಸ್ಪ್ಯಾನಿಷ್ ಮೂಲಕವೇ ಕಲಿಯಿರಿ. ಸ್ಪ್ಯಾನಿಷಿನವರಿಗೆ ಬರೆದ ಇಟಾಲಿಯನ್ ಪಠ್ಯಪುಸ್ತಕ ತೆಗೆದುಕೊಳ್ಳಿ. ಒಂದು ಬೆಳೆಯುತ್ತಿರುವಾಗ ಇನ್ನೊಂದು ತಾನಾಗಿ ಉಳಿಯುತ್ತದೆ. ಎಲ್ಲಿ ಎರಡೂ ಬೇರೆಯಾಗುತ್ತವೆ ಅನ್ನುವುದನ್ನು ಆ ಪುಸ್ತಕವೇ ಎತ್ತಿ ಹೇಳುತ್ತದೆ.

ಇನ್ನು ಸಮಯದ ವಿಷಯ. ಎಷ್ಟು ನಿಮಿಷ ಅನ್ನುವಷ್ಟೇ ಮುಖ್ಯ ಎಂಥ ನಿಮಿಷ ಅನ್ನುವುದು. ಕೂತು ತಲೆ ಕೊಡಬಲ್ಲ ಗಟ್ಟಿ ಸಮಯ ಒಂದು. ಪಾತ್ರೆ ತೊಳೆಯುವಾಗ, ನಡೆಯುವಾಗ, ಪ್ರಯಾಣದಲ್ಲಿ ಕಿವಿ ಮಾತ್ರ ಬಿಡುವಾಗಿರುವ ಸಮಯ ಇನ್ನೊಂದು. ಯಾರಿಗೋ ಕಾಯುವಾಗ ಸಿಗುವ ಮೂರು-ನಾಲ್ಕು ನಿಮಿಷದ ಚಿಲ್ಲರೆ ಮತ್ತೊಂದು. ಹೊಸ ಪಾಠ, ವ್ಯಾಕರಣ, ಬರೆಯುವುದು, ಮಾತಾಡುವುದು ಗಟ್ಟಿ ಸಮಯಕ್ಕೇ ಸಲ್ಲಬೇಕು. ಪದಗಳ ಪುನರಾವರ್ತನೆ ಚಿಲ್ಲರೆಗೆ. ಕಿವಿಯ ಸಮಯದಲ್ಲಿ ಜನ ಮಾಡುವ ತಪ್ಪು ಏನೆಂದರೆ ಏನೂ ಅರ್ಥವಾಗದ ರೇಡಿಯೊ ಹಚ್ಚಿಡುವುದು. ಕೇಳುತ್ತಾ ಕೇಳುತ್ತಾ ಬಂದುಬಿಡುತ್ತದೆ ಅಂತ. ಬರುವುದಿಲ್ಲ, ಅದು ಮಳೆಯ ಸದ್ದಿನ ಹಾಗೆ ಕಿವಿಯ ಮೇಲೆ ಹರಿದುಹೋಗುತ್ತದೆ. ಬೆಳಿಗ್ಗೆ ಓದಿ ಅರ್ಥಮಾಡಿಕೊಂಡ ಎರಡು ನಿಮಿಷದ ಸಂಭಾಷಣೆಯನ್ನೇ ಸಂಜೆ ಎಂಟು ಸಲ ಕೇಳಿ. ಮೊದಲ ಮೂರು ಸಲ ಸುಮ್ಮನೆ, ಆಮೇಲೆ ಅವರ ಬೆನ್ನಿಗೇ ನೀವೂ ಹೇಳುತ್ತಾ.

ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ ಬರೆದ ಪುನರಾವರ್ತನೆಯ ಕಾರ್ಡ್‌ಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಬಿಡುವಿಲ್ಲದವರ ಯೋಜನೆ ಕುಸಿದುಬೀಳುವುದು ಬಹುತೇಕ ಇಲ್ಲೇ. ಇದು ಹಳೆಯ ವಿದ್ಯೆ. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಖಾನೆಗಳಿರುವ ಒಂದು ಪೆಟ್ಟಿಗೆಯನ್ನು ಜನಪ್ರಿಯಗೊಳಿಸಿದ. ಸರಿ ಹೇಳಿದ ಕಾರ್ಡ್ ಮುಂದಿನ ಖಾನೆಗೆ, ತಪ್ಪಿದ್ದು ಮೊದಲನೆಯದಕ್ಕೆ ವಾಪಸು. ಮುಂದುಮುಂದಿನ ಖಾನೆಗಳನ್ನು ಅಪರೂಪಕ್ಕೆ ತೆರೆಯುವುದು. 2006ರಲ್ಲಿ ಬಂದ ಆಂಕಿ ಅನ್ನುವ ತಂತ್ರಾಂಶ ಅದೇ ಕೆಲಸವನ್ನು ಇನ್ನೂ ಸೂಕ್ಷ್ಮವಾಗಿ ಮಾಡುತ್ತದೆ. ಲೆಕ್ಕ ಹೀಗಿದೆ. ದಿನಕ್ಕೆ 10 ಹೊಸ ಕಾರ್ಡ್ ಸೇರಿಸುತ್ತಾ ಹೋದರೆ ಕೆಲವು ವಾರಗಳಲ್ಲಿ ದಿನಕ್ಕೆ 70ರಿಂದ 100 ಹಳೆಯವು ಎದುರು ಬರುತ್ತವೆ. ಒಂದಕ್ಕೆ ಏಳೆಂಟು ಸೆಕೆಂಡ್ ಹಿಡಿದರೆ 10–12 ನಿಮಿಷ. ಮೂರು ಭಾಷೆಯಲ್ಲೂ ಹತ್ತು ಹತ್ತು ಸೇರಿಸಿದಿರಾ? 36 ನಿಮಿಷ. ನಿಮ್ಮ 40 ಅಲ್ಲಿಗೆ ಮುಗಿಯಿತು. ಓದಿಲ್ಲ, ಮಾತಿಲ್ಲ, ಬರೀ ಕಾರ್ಡ್. ಆದ್ದರಿಂದ ಬೆಳೆಯುವ ಭಾಷೆಗೆ ದಿನಕ್ಕೆ ಏಳೆಂಟು ಹೊಸದು, ಉಳಿಸುವ ಭಾಷೆಗೆ ಒಂದೋ ಎರಡೋ, ಕಾಯುವ ಭಾಷೆಗೆ ಸೊನ್ನೆ.

ಕಾರ್ಡಿನಲ್ಲಿ ಏನು ಬರೆಯಬೇಕು? ಬಿಡಿ ಪದ ಬೇಡ. ಜರ್ಮನ್‌ನಲ್ಲಿ ಚಮಚ ಪುಲ್ಲಿಂಗ, ಮುಳ್ಳುಚಮಚ ಸ್ತ್ರೀಲಿಂಗ, ಚಾಕು ನಪುಂಸಕ. ಡೇರ್ ಲ್ಯೋಫೆಲ್, ಡೀ ಗಾಬೆಲ್, ಡಸ್ ಮೆಸರ್. ಕನ್ನಡದಲ್ಲಿ ಲಿಂಗ ಅರ್ಥವನ್ನು ಹಿಡಿದು ನಡೆಯುತ್ತದೆ, ಅಲ್ಲಿ ಹಾಗಿಲ್ಲ, ಊಹಿಸಿ ದಕ್ಕಿಸಿಕೊಳ್ಳಲಾಗದು. "ಲ್ಯೋಫೆಲ್ – ಚಮಚ" ಅಂತ ಮಾಡಿಟ್ಟ ಕಾರ್ಡ್ ಆರು ತಿಂಗಳ ಮೇಲೆ ಮತ್ತೊಮ್ಮೆ ಮಾಡಬೇಕಾಗುತ್ತದೆ. "ಡೇರ್" ಸೇರಿಸಿ, ಇನ್ನೂ ಒಳ್ಳೆಯದು, "ಚಮಚ ಮೇಜಿನ ಮೇಲಿದೆ" ಅನ್ನುವ ಪೂರ್ತಿ ವಾಕ್ಯ, ಜೊತೆಗೆ ಧ್ವನಿ. ಎಂಟು ಸಲ ಮರೆತ ಕಾರ್ಡನ್ನು ಆಂಕಿ ತಾನೇ ಪಕ್ಕಕ್ಕಿಡುತ್ತದೆ, ಅಂಥ ಕಾರ್ಡಿಗೆ ಅಲ್ಲಿ ಜಿಗಣೆ ಅಂತ ಹೆಸರು. ಅದನ್ನು ಹಟಕ್ಕೆ ಬಿದ್ದು ವಾಪಸು ತರಬೇಡಿ. ಆ ಪದ ಬೇರೆ ವಾಕ್ಯದಲ್ಲಿ ಎದುರಾದಾಗ ಹೊಸ ಕಾರ್ಡ್ ಮಾಡಿ.

ಒಂದು ವಾರ ಹೇಗಿರುತ್ತದೆ ಅಂತ ನೋಡೋಣ. ಸ್ಪ್ಯಾನಿಷ್ ಬಿ1ಗೆ ಬಂದಿದೆ, ಜಪಾನಿ ಬೆಳೆಯುತ್ತಿದೆ, ಜರ್ಮನ್ ಕಾಯುತ್ತಿದೆ ಅಂದುಕೊಳ್ಳಿ. ಸೋಮವಾರದಿಂದ ಗುರುವಾರದವರೆಗೆ ಬೆಳಿಗ್ಗೆ, ಫೋನು ನೋಡುವ ಮುಂಚೆ, 25 ನಿಮಿಷ ಜಪಾನಿ. ಸೋಮವಾರ, ಮಂಗಳವಾರ ಹೊಸ ಪಾಠ. ಬುಧವಾರ ಹೊಸದೇನೂ ಬೇಡ, ಅದೇ ಪಾಠವನ್ನು ಗಟ್ಟಿಯಾಗಿ ಓದಿ ಪುಸ್ತಕ ಮುಚ್ಚಿ ಐದು ವಾಕ್ಯ ಬರೆಯುವುದು. ಗುರುವಾರ ಮತ್ತೆ ಹೊಸದು. ಶುಕ್ರವಾರ ಮೇಷ್ಟರ ಜೊತೆ 30 ನಿಮಿಷ ಮಾತು. ಶನಿವಾರ 45 ನಿಮಿಷ ಸ್ಪ್ಯಾನಿಷ್, ಅರ್ಧ ಓದು, ಅರ್ಧ ಮಾತು ಅಥವಾ ಬರಹ. ಕಾರ್ಡ್ ಆರು ದಿನವೂ 12 ನಿಮಿಷ, ಚಿಲ್ಲರೆಯಲ್ಲಿ. ಕೂಡಿಸಿದರೆ 247 ನಿಮಿಷ, ನಮ್ಮ 4 ಗಂಟೆ. ಭಾನುವಾರ ಖಾಲಿ. ಆದರೆ ಅದು ರಜೆಯಲ್ಲ, ವಾರದಲ್ಲಿ ತಪ್ಪಿದ ಒಂದು ದಿನವನ್ನು ತುಂಬಲು ಇಟ್ಟ ಜಾಗ. ಏಳೂ ದಿನ ತುಂಬಿಸಿಟ್ಟ ವೇಳಾಪಟ್ಟಿ ಮಗುವಿಗೆ ಒಂದು ಜ್ವರ ಬಂದರೆ ಮುರಿಯುತ್ತದೆ.

ಕೆಟ್ಟ ದಿನಕ್ಕೆ ಬೇರೆಯೇ ಒಂದು ಸಣ್ಣ ಯೋಜನೆ ಮೊದಲೇ ಬರೆದಿಡಿ. ಐದು ನಿಮಿಷ, ಹಳೆಯ ಕಾರ್ಡ್ ಮಾತ್ರ, ಬೆಳೆಯುವ ಭಾಷೆಯದ್ದು ಮಾತ್ರ. ವಾರವಿಡೀ ಬಿಟ್ಟುಹೋಗಿ ನಾನೂರು ಚಿಲ್ಲರೆ ಕಾರ್ಡ್ ಗುಡ್ಡೆ ಬಿದ್ದಿದ್ದರೆ ಒಂದೇ ಭಾನುವಾರ ಕೂತು ಮುಗಿಸಲು ಹೋಗಬೇಡಿ. ಆ ನಾನೂರರಲ್ಲಿ ಅರ್ಧ ಕಣ್ಣು ತೂಗುತ್ತಾ ಒತ್ತಿದ್ದಾಗಿರುತ್ತದೆ. ಹೊಸ ಕಾರ್ಡನ್ನು ಸೊನ್ನೆಗೆ ಇಳಿಸಿ, ದಿನಕ್ಕೆ 100 ಅಂತ ಮಿತಿ ಹಾಕಿ. ಹತ್ತು ದಿನದ ಆಸುಪಾಸಿನಲ್ಲಿ ಕರಗುತ್ತದೆ.

ಮೇಷ್ಟರ ಜೊತೆಗಿನ ಆ ಅರ್ಧ ಗಂಟೆ ಯೋಜನೆಯ ಅತಿ ದುಬಾರಿ ಭಾಗ, ಅತಿ ಹೆಚ್ಚು ಪೋಲಾಗುವ ಭಾಗವೂ ಅದೇ. "ಹೇಗಿದ್ದೀರಿ, ವಾರ ಹೇಗಿತ್ತು" ಅನ್ನುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ, ಅದೇ ಹತ್ತು ವಾಕ್ಯ ಪ್ರತಿ ವಾರ. ಬುಧವಾರ ಬರೆದ ಐದು ವಾಕ್ಯ ಮುಂಚೆಯೇ ಕಳಿಸಿ, ಆ ಪಾಠದ ವ್ಯಾಕರಣ ಬಳಸದೆ ಉತ್ತರಿಸಲಾಗದ ಪ್ರಶ್ನೆ ಕೇಳಿ ಅಂತ ಅವರಿಗೇ ಹೇಳಿ. ಮಾತಿನ ನಡುವೆ ತಡೆದು ತಿದ್ದುವುದು ಬೇಡ, ತಪ್ಪುಗಳನ್ನು ಬರೆದುಕೊಂಡು ಕೊನೆಗೆ ಕೊಡಲಿ. ಅದರಲ್ಲಿ ಮೂರನ್ನು ಅದೇ ರಾತ್ರಿ ಕಾರ್ಡ್ ಮಾಡಿ. ಮೂರೇ. ಹದಿನೈದು ಮಾಡಿದರೆ ಮುಂದಿನ ವಾರ ಒಂದೂ ನೆನಪಿರುವುದಿಲ್ಲ.

ಪರೀಕ್ಷೆ ಬೇಕೇ ಅಂತ ಕೇಳುತ್ತಾರೆ. ಕ್ಯಾಲೆಂಡರಿನಲ್ಲಿ ಒಂದು ಗೂಟ ಅನ್ನುವ ಮಟ್ಟಿಗೆ ಬೇಕು. ಜಪಾನಿಯ ಜೆಎಲ್‌ಪಿಟಿ ಜುಲೈ ಮತ್ತು ಡಿಸೆಂಬರಿನಲ್ಲಿ ನಡೆಯುತ್ತದೆ, ಎನ್5ರಿಂದ ಎನ್1ರವರೆಗೆ ಐದು ಹಂತ. ಆದರೆ ಅದರಲ್ಲಿ ಮಾತೂ ಇಲ್ಲ, ಬರವಣಿಗೆಯೂ ಇಲ್ಲ. ಅದಕ್ಕಷ್ಟೇ ಓದಿದವರಿಗೆ ಎನ್3 ಪಾಸಾದರೂ ಫೋನಿನಲ್ಲಿ ಎರಡು ಮಾತಾಡುವುದು ಕಷ್ಟ. ಫ್ರೆಂಚಿನ ಡೆಲ್ಫ್ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಮಾತು, ಬರವಣಿಗೆ ನಾಲ್ಕೂ ಇವೆ, ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದೆಂಬುದಿಲ್ಲ. ಒಂದು ವರ್ಷದಲ್ಲಿ ಎರಡು ಭಾಷೆಯ ಪರೀಕ್ಷೆ ಇಟ್ಟುಕೊಳ್ಳಬೇಡಿ, ಕೊನೆಯ ಆರು ವಾರ ಇನ್ನೊಂದು ಭಾಷೆಗೆ ಏನೂ ಉಳಿಯುವುದಿಲ್ಲ.

ಕೊನೆಗೆ, ಯಾವುದೋ ಕಾಲದಲ್ಲಿ ಕಲಿತು ಬಿಟ್ಟ ಭಾಷೆ. ಇಲ್ಲಿ ಕೂತವರಲ್ಲಿ ಬಹಳ ಜನಕ್ಕೆ ಅಂಥದ್ದೊಂದು ಇರುತ್ತದೆ. ಹರ್ಮನ್ ಎಬ್ಬಿಂಗ್‌ಹೌಸ್ ಅನ್ನುವ ಜರ್ಮನ್ ಮನಶ್ಶಾಸ್ತ್ರಜ್ಞ ಅರ್ಥವಿಲ್ಲದ ಅಕ್ಷರಸಾಲುಗಳನ್ನು ತಾನೇ ಬಾಯಿಪಾಠ ಮಾಡಿ, ಮರೆತು, ಅಳೆದು 1885ರಲ್ಲಿ ಪ್ರಕಟಿಸಿದ. ಅವನು ಅಳೆದದ್ದು ಎಷ್ಟು ನೆನಪಿದೆ ಅನ್ನುವುದನ್ನಲ್ಲ, ಮತ್ತೆ ಕಲಿಯುವಾಗ ಮೊದಲಿಗಿಂತ ಎಷ್ಟು ಶ್ರಮ ಉಳಿಯಿತು ಅನ್ನುವುದನ್ನು. ಒಂದು ದಿನದ ಮೇಲೆ ಉಳಿತಾಯ ಸುಮಾರು ಮೂರನೇ ಒಂದು, ಒಂದು ತಿಂಗಳ ಮೇಲೂ ಐದನೇ ಒಂದು. ಅರ್ಥವೇ ಇಲ್ಲದ ಸಾಲುಗಳಲ್ಲೇ ಇಷ್ಟು. ಆದ್ದರಿಂದ ಬಿಟ್ಟ ಭಾಷೆಗೆ ವಾಪಸು ಹೋಗುವಾಗ ಮೊದಲ ಪಾಠದಿಂದ ಶುರುಮಾಡಬೇಡಿ, ಬೇಸರ ಬಂದು ಮೂರನೇ ದಿನಕ್ಕೆ ನಿಲ್ಲಿಸುತ್ತೀರಿ. ಹಳೆಯ ಪುಸ್ತಕದ ನಡುಭಾಗ ತೆರೆದು, ಅಲ್ಲಿಂದ ಹಿಂದಕ್ಕೆ ಹೋಗಿ. ಎಲ್ಲ ಅರ್ಥವಾಗುವ ಪಾಠ ಸಿಕ್ಕಲ್ಲಿ ನಿಂತು, ಮತ್ತೆ ಮುಂದಕ್ಕೆ. ಎರಡು ವಾರ ದಿನಾ ಅದೊಂದೇ ಭಾಷೆ, ಬರೀ ಹಳೆಯ ಓದು ಮತ್ತು ಹಳೆಯ ಆಡಿಯೊ. ಹಳೆಯ ಕಾರ್ಡ್‌ಗಳ ಸಾವಿರದ ಬಾಕಿ ನೋಡಿ ಕಟ್ಟನ್ನೇ ಅಳಿಸಿಬಿಡುತ್ತಾರೆ ಕೆಲವರು. ಅಳಿಸಬೇಡಿ. ಎಲ್ಲವನ್ನೂ ತಡೆಹಿಡಿದು, ಆ ಎರಡು ವಾರದ ಓದಿನಲ್ಲಿ ಎದುರಾಗಿ ಅರ್ಥವಾಗದೆ ಹೋದ ಪದಗಳ ಕಾರ್ಡನ್ನು ಮಾತ್ರ ಹುಡುಕಿ ಬಿಡಿಸಿಕೊಳ್ಳಿ.